ನೆರಳು ಮಾಯವಾಗುವ ಗಳಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳ ಬಿಸಿಲನ್ನು ಕಂಡವರು ನೆರಳಿನ ಬೆಲೆಯನ್ನೂ ಬಲ್ಲರು. ಆದರೆ ವರ್ಷಕ್ಕೆ ಎರಡು ದಿನ, ನಡುಹಗಲಿನ ಒಂದು ಗಳಿಗೆಯಲ್ಲಿ, ಇಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲವೆಂಬುದನ್ನು ಗಮನಿಸಿದವರು ಎಷ್ಟು ಮಂದಿ?

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಈ ಸೀಮೆ ಭೂಮಧ್ಯರೇಖೆಗೆ ಸುಮಾರು 15 ಡಿಗ್ರಿ ಉತ್ತರದಲ್ಲಿದೆ. ಉತ್ತರಕ್ಕೆ ಸರಿಯುವ ಸೂರ್ಯನು ಮೇ 1ರ ಆಸುಪಾಸಿನಲ್ಲಿಯೂ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್ 12ರ ಸುಮಾರಿಗೂ ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಮೋಡದ ಕಾಟ. ಮೋಡ ಸರಿದರೆ, ಹನ್ನೆರಡೂವರೆಯ ಹೊತ್ತಿಗೆ ಶಾಲೆಯ ಅಂಗಳವೇ ಪ್ರಯೋಗಶಾಲೆ.

ಅದೇ ದಿನ ಬೀದರಿನ ಶಾಲೆಯೊಂದರಲ್ಲಿಯೂ ಒಂದು ಮೀಟರಿನ ಕೋಲನ್ನು ನಿಲ್ಲಿಸಲಿ. ಅಲ್ಲಿಯ ನಡುಹಗಲಿನಲ್ಲಿ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ನೆರಳು ಉತ್ತರದ ಕಡೆಗೆ ಬೀಳುವುದು. ಅದರಿಂದ ದೊರೆಯುವ ಕೋನ 3 ಡಿಗ್ರಿ, ಎಂದರೆ ಪೂರ್ಣ ವೃತ್ತದ 120ರಲ್ಲಿ ಒಂದು ಪಾಲು. ಕೂಡ್ಲಿಗಿಗೂ ಬೀದರಿಗೂ ಉತ್ತರ ದಕ್ಷಿಣವಾಗಿ ಇರುವ ಅಂತರ ಸುಮಾರು 333 ಕಿಲೋಮೀಟರು. ಅದನ್ನು 120ರಿಂದ ಗುಣಿಸಿದರೆ ಸಿಗುವುದು ಸುಮಾರು 40,000 ಕಿಲೋಮೀಟರು—ಇಡೀ ಭೂಮಂಡಲದ ಸುತ್ತಳತೆ! ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥೆನೀಸನು ಹಿಡಿದದ್ದೂ ಇದೇ ದಾರಿಯನ್ನು.

ಪುಸ್ತಕದಲ್ಲಿ ಈ ಸಂಖ್ಯೆಯನ್ನು ಓದಿದ ಮಗುವಿಗೂ, ತನ್ನ ಅಂಗಳದಲ್ಲಿ ಅದನ್ನು ಕಂಡುಕೊಂಡ ಮಗುವಿಗೂ ಇರುವ ವ್ಯತ್ಯಾಸ ಅಲ್ಪವಲ್ಲ. ಆ ವ್ಯತ್ಯಾಸವನ್ನುಂಟುಮಾಡುವುದು ಕೋಲಲ್ಲ, ಉಪಾಧ್ಯಾಯರು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗನೊಬ್ಬನು 1935ರಲ್ಲಿ ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದನು; ಹಳ್ಳಿಯ ಶಾಲೆಯ ಮೇಷ್ಟರ ಅಕ್ಕರೆ ಅವನ ಬೆನ್ನಿಗಿದ್ದಿತು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಸ್ಥಾಪಿಸಿ, ಪ್ರಶ್ನಿಸುವ ಧೈರ್ಯವನ್ನು ನಾಡಿಗೆ ಕಲಿಸಿದ ಡಾ. ಎಚ್. ನರಸಿಂಹಯ್ಯನವರೇ ಆ ಹುಡುಗ.

ಇಂತಹ ಮೇಷ್ಟರಿಗೆ ನೆರವಾಗುವುದೆಂದರೆ ಶಾಲು ಹೊದಿಸಿ ಹಾರ ಹಾಕುವುದಷ್ಟೇ ಅಲ್ಲ. ಆಗಸ್ಟಿನ ಆ ದಿನ ಅವರನ್ನು ಬೇರೆ ಕೆಲಸಕ್ಕೆ ಕಳುಹಿಸಬಾರದು; ಕಳುಹಿಸಿದರೆ ಆ ತರಗತಿಯ ಮಕ್ಕಳು ಇನ್ನೊಂದು ವರ್ಷ ಕಾಯಬೇಕು. ಗಂಟೆ ಬಾರಿಸಿತೆಂದು ಮಕ್ಕಳನ್ನು ಅಂಗಳದಿಂದ ಒಳಗೆ ಕರೆಯಬಾರದು. ಕೋಲು, ದಾರ, ಅಳತೆಪಟ್ಟಿಗಳ ಖರ್ಚು ಅವರ ಸಂಬಳದಿಂದ ಹೋಗಬಾರದು. ದೂರದ ಊರಿನಲ್ಲಿ ಅದೇ ಹೊತ್ತಿಗೆ ಕೋಲು ನೆಡುವ ಇನ್ನೊಬ್ಬ ಉಪಾಧ್ಯಾಯರ ಗೆಳೆತನವೂ ಅವರಿಗೆ ಬೇಕು.

ಹುಟ್ಟೂರಿನ ಶಾಲೆಗೆ ಗೋಡೆಗಡಿಯಾರವನ್ನೋ ಬೀರುವನ್ನೋ ಕಾಣಿಕೆಯಾಗಿ ಕೊಡುವ ನಗರವಾಸಿಗಳು ಉಂಟು. ಅದು ಒಳ್ಳೆಯದೇ. ಆದರೆ ಕೊಡುವ ಮುನ್ನ ವಿಜ್ಞಾನದ ಮೇಷ್ಟರನ್ನು ಒಮ್ಮೆ ಕಂಡು, “ತಮಗೆ ಏನು ಬೇಕು?” ಎಂದು ಕೇಳಿದರೆ ಕಾಣಿಕೆಯ ಬೆಲೆ ಹೆಚ್ಚುವುದು. “ಸರ್, ಕೋಲಿನ ನೆರಳು ಎಲ್ಲಿ ಹೋಯಿತು?” ಎಂದು ಮಗು ಕೇಳುವ ಗಳಿಗೆಯಲ್ಲಿ ಮೇಷ್ಟರು ಅದರ ಪಕ್ಕದಲ್ಲಿಯೇ ನಿಂತಿರಬೇಕು.