ಸ್ಟೈವೆಸೆಂಟ್ ಶಾಲೆ ಮತ್ತು ನಮ್ಮ ಹೊಣೆ

ನ್ಯೂಯಾರ್ಕ್ ನಗರದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಾತುಕತೆಯಲ್ಲಿ ಸ್ಟೈವೆಸೆಂಟ್ ಪ್ರೌಢಶಾಲೆಯ ಹೆಸರು ಆಗಾಗ ಕೇಳಿಬರುತ್ತದೆ. ಎಂಟನೆಯ ತರಗತಿಯಲ್ಲಿ ಬರೆಯುವ ಪ್ರವೇಶ ಪರೀಕ್ಷೆ, ಅದಕ್ಕಾಗಿ ವಾರಾಂತ್ಯದ ಟ್ಯೂಷನ್, ಕೊನೆಗೆ ದೊರೆಯುವ ಅಂಕ: ನಮ್ಮ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆ ಶಾಲೆಯ ಚರಿತ್ರೆಯನ್ನೂ ನಾವು ಅರಿಯಬೇಕೆಂಬುದು ನನ್ನ ಅಭಿಪ್ರಾಯ.

1904ರಲ್ಲಿ ಅದು ಆರಂಭವಾದದ್ದು ಗಂಡುಮಕ್ಕಳಿಗೆ ಕೈಕೆಲಸದ ತರಬೇತಿಯನ್ನೂ ನೀಡುವ ಶಾಲೆಯಾಗಿ. ಕ್ರಮೇಣ ಗಣಿತ, ವಿಜ್ಞಾನಗಳ ಬೋಧನೆಗೆ ಹೆಸರಾಯಿತು. ಶುಲ್ಕವಿಲ್ಲದ ಈ ಸಾರ್ವಜನಿಕ ಶಾಲೆ ವಲಸಿಗರ ಮಕ್ಕಳಿಗೆ ಆಸರೆಯಾಯಿತು. ನಾಜಿ ಹಿಂಸೆಯಲ್ಲಿ ತಂದೆಯನ್ನು ಕಳೆದುಕೊಂಡು 1949ರಲ್ಲಿ ಅಮೆರಿಕಕ್ಕೆ ಬಂದ ರೋಆಲ್ಡ್ ಹಾಫ್‌ಮನ್ ಇಲ್ಲಿಯೇ ಓದಿ, 1981ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ವೈದ್ಯವೃತ್ತಿಯಲ್ಲಿರುವ ನನಗೆ, ವೈದ್ಯಕೀಯ ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ (1958) ಹಾಗೂ ರಿಚರ್ಡ್ ಆಕ್ಸೆಲ್ (2004) ಇದೇ ಶಾಲೆಯವರೆಂಬುದು ವಿಶೇಷ ಹೆಮ್ಮೆಯ ಸಂಗತಿ.

ಆದರೆ ಇದೇ ಶಾಲೆ ಅರವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಮುಚ್ಚಿತ್ತು. 1969ರಲ್ಲಿ ಹದಿಮೂರು ವರ್ಷದ ಆಲಿಸ್ ಡಿ ರಿವೇರಾ ಎಂಬ ಬಾಲಕಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. ಶಿಕ್ಷಣ ಮಂಡಳಿ ಮಣಿಯಿತು; ಅದೇ ವರ್ಷ ಹೆಣ್ಣುಮಕ್ಕಳು ಒಳಗೆ ಕಾಲಿಟ್ಟರು. ಕುಟುಂಬ ಬೇರೆಡೆಗೆ ಹೋದುದರಿಂದ ಆಲಿಸ್ ಮಾತ್ರ ಅಲ್ಲಿ ಓದಲೇ ಇಲ್ಲ. ಇಂದು ಅಲ್ಲಿ ಕಲಿಯುವ ನಮ್ಮ ಹೆಣ್ಣುಮಕ್ಕಳ ಪೀಠದ ಹಿಂದೆ ಆ ಬಾಲಕಿಯ ಋಣವಿದೆ.

ಆ ಋಣವನ್ನು ತೀರಿಸುವ ಬಗೆ ಯಾವುದು? 1971ರ ರಾಜ್ಯ ಕಾನೂನಿನಂತೆ ಈ ಶಾಲೆಯ ಪ್ರವೇಶಕ್ಕೆ ಪರೀಕ್ಷೆಯೇ ಆಧಾರ. 2019ರಲ್ಲಿ ಸ್ಟೈವೆಸೆಂಟ್‌ನ 895 ಸ್ಥಾನಗಳ ಪೈಕಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ದೊರೆತವು ಕೇವಲ 7. ಪರೀಕ್ಷೆ ಯಾರ ಮುಖವನ್ನೂ ನೋಡುವುದಿಲ್ಲ, ನಮ್ಮ ಮಕ್ಕಳು ದುಡಿದೇ ಗಳಿಸಿದ್ದಾರೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಪರೀಕ್ಷೆಯನ್ನು ತೆಗೆದುಹಾಕಬೇಕೆಂದೂ ಹೇಳುತ್ತಿಲ್ಲ. ಆದರೆ ಅದಕ್ಕೆ ಸಿದ್ಧರಾಗುವ ಅನುಕೂಲ ಎಲ್ಲ ಮನೆಗಳಲ್ಲೂ ಸಮನಾಗಿಲ್ಲವೆಂಬುದನ್ನು ಟ್ಯೂಷನ್ ಶುಲ್ಕ ಕಟ್ಟುವ ನಾವು ಚೆನ್ನಾಗಿ ಬಲ್ಲೆವು. ಸ್ವಲ್ಪದರಲ್ಲಿ ಅಂಕ ತಪ್ಪಿದ ಬಡಮಕ್ಕಳಿಗೆ ಬೇಸಿಗೆಯ ಪಾಠದ ಮೂಲಕ ಪ್ರವೇಶ ನೀಡುವ ಡಿಸ್ಕವರಿ ಯೋಜನೆಗೂ ಅದೇ ಕಾನೂನು ಅವಕಾಶ ಕೊಟ್ಟಿದೆ. ಅದನ್ನು ನಮ್ಮ ಮಕ್ಕಳ ಪಾಲಿಗೆ ಬಿದ್ದ ಕತ್ತರಿಯೆಂದು ಕಾಣದೆ, ನಾವು ಬೆಂಬಲಿಸಬೇಕು.

ನಮ್ಮಲ್ಲಿ ಅನೇಕರು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಬೆಳೆದವರು. ಯಾರೋ ಕಟ್ಟಿದ ತೆರಿಗೆ, ಯಾರೋ ಕೊಟ್ಟ ದಾನ ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಕೂಟದ ಸದಸ್ಯರಲ್ಲಿ ಎಂಜಿನಿಯರರಿಗೂ ಅಧ್ಯಾಪಕರಿಗೂ ಕೊರತೆಯಿಲ್ಲ. ವಾರಕ್ಕೊಂದು ಗಂಟೆ ನೆರೆಹೊರೆಯ ಮಕ್ಕಳಿಗೂ ಉಚಿತವಾಗಿ ಗಣಿತ ಹೇಳಿಕೊಡೋಣ. ನಮ್ಮ ಮಕ್ಕಳು ಓದಿ ಮುಗಿಸಿದ ಅಭ್ಯಾಸ ಪುಸ್ತಕಗಳನ್ನು ಹತ್ತಿರದ ಶಾಲೆಗೆ ತಲುಪಿಸೋಣ. ಆಸಕ್ತರು ಕಾರ್ಯಕಾರಿ ಸಮಿತಿಗೆ ತಿಳಿಸಿದರೆ, ಮುಂದಿನ ಸಭೆಯಲ್ಲಿಯೇ ಇದಕ್ಕೊಂದು ರೂಪ ಕೊಡಬಹುದು.