ಓಟಿ ಬಾಗಿಲು ದಾಟಿದ ಮೇಲಿನ ಎರಡು ಗಂಟೆ

ಮಾನ್ಯ ಆರೋಗ್ಯ ಸಚಿವರೇ,

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡಾಗ ಎಲ್ಲರ ಕಣ್ಣೂ ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಬಾಟಲಿಯ ಮೇಲೆ ನೆಟ್ಟಿತು. ನೆಡಬೇಕಾದದ್ದೇ. ಆದರೆ ಹಾಕಿದ ಡ್ರಿಪ್ಪು ಕೆಟ್ಟಿರಲಿ, ಒಳಗೆ ರಕ್ತ ಸೋರುತ್ತಿರಲಿ, ಅರಿವಳಿಕೆಯಿಂದ ಬಿಪಿ ಕುಸಿದಿರಲಿ, ದೇಹ ಅದನ್ನು ಮೊದಲು ಹೇಳುವುದು ನಾಡಿ, ಉಸಿರು, ಮೂತ್ರದ ಅಳತೆಗಳಲ್ಲಿ. ಅದನ್ನು ಓದಲು ಶಸ್ತ್ರಚಿಕಿತ್ಸೆಯ ನಂತರದ ಆ ಎರಡು ಗಂಟೆ ಹಾಸಿಗೆಯ ಪಕ್ಕ ಒಬ್ಬ ಸಿಸ್ಟರ್ ಬೇಕು. ಇಂಥ ಕಾವಲು ಇದ್ದಿದ್ದರೆ ಆ ಐವರು ಉಳಿಯುತ್ತಿದ್ದರು ಎಂದು ನಾನು ವಾದಿಸುತ್ತಿಲ್ಲ. ಕೆಟ್ಟ ಔಷಧವನ್ನು ಶುಶ್ರೂಷೆ ಸರಿಮಾಡಲಾರದು. ಆದರೆ ಮುಂದಿನ ಬಾರಿ ಕಾರಣ ಬೇರೆಯದಿರುತ್ತದೆ. ಸೂಚನೆ ಕಾಣಿಸಿಕೊಳ್ಳುವ ಜಾಗ ಮಾತ್ರ ಅದೇ.

ಈ ಕಾವಲು ಹೊಸ ಯೋಚನೆಯಲ್ಲ. ಶಸ್ತ್ರಚಿಕಿತ್ಸೆಯ ಕೋಣೆಗೆ ಅಂಟಿದಂತೆ ರೋಗಿ ಚೇತರಿಸಿಕೊಳ್ಳುವ ಸಣ್ಣ ಕೋಣೆಯ ಬಗ್ಗೆ ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲೇ ಬರೆದಿದ್ದರು. 1970ರಲ್ಲಿ ಆಲ್ಡ್ರೆಟ್ ಎಂಬ ಅರಿವಳಿಕೆ ವೈದ್ಯ ಕೈಕಾಲಿನ ಚಲನೆ, ಉಸಿರಾಟ, ರಕ್ತದೊತ್ತಡ, ಎಚ್ಚರ, ಮೈಬಣ್ಣ ಎಂಬ ಐದಕ್ಕೆ ತಲಾ 2 ಅಂಕ ಕೊಟ್ಟು ಒಂದು ಲೆಕ್ಕ ಹಾಕಿಟ್ಟರು. ಮುಂದೆ ಮೈಬಣ್ಣದ ಜಾಗಕ್ಕೆ ಆಮ್ಲಜನಕದ ಮಟ್ಟ ಬಂತು. 10ಕ್ಕೆ 9 ಬಂದರೆ ವಾರ್ಡಿಗೆ, ಇಲ್ಲವಾದರೆ ಅಲ್ಲೇ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆಯುವ ಕೈ ಬೇಕು.

ಬಾಣಂತಿಯ ಅಮ್ಮನೋ ಅತ್ತೆಯೋ ಪಕ್ಕದಲ್ಲೇ ಕೂತಿರುತ್ತಾರಲ್ಲ ಎನ್ನುವವರಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಆದವಳು ಎಚ್ಚರವಾಗಿಯೇ ಇರುತ್ತಾಳೆ, ಮಾತಾಡುತ್ತಾಳೆ. ಆದರೆ ಸೊಂಟದ ಕೆಳಗೆ ಮರಗಟ್ಟಿದೆ, ಹೊದಿಕೆಯಡಿ ಪ್ಯಾಡ್ ತೊಯ್ದರೂ ಅವಳಿಗೆ ತಿಳಿಯದು. ಆರೋಗ್ಯವಾಗಿದ್ದ ಹೆಣ್ಣುಮಗಳ ಬಿಪಿ ಬಹಳಷ್ಟು ರಕ್ತ ಹೋಗುವವರೆಗೂ ನಿಂತಿರುತ್ತದೆ, ಮೊದಲು ಓಡುವುದು ನಾಡಿ. ಪೂರ್ತಿ ಅರಿವಳಿಕೆ ಪಡೆದವರ ಕಥೆ ಇನ್ನೊಂದು: ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಬಹುದು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಆಮ್ಲಜನಕ ಕೊಡುತ್ತಿದ್ದಾಗ ಬೆರಳಿನ ಆಕ್ಸಿಮೀಟರ್ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತಿದ್ದರೂ ಉಸಿರು ನಿಧಾನವಾಗುತ್ತಿರಬಹುದು. ಉಸಿರನ್ನು ಎಣಿಸಿಯೇ ತಿಳಿಯಬೇಕು. ಇದು ಅತ್ತೆಯ ಕೆಲಸವಲ್ಲ.

ಸಿಬ್ಬಂದಿ ಎಲ್ಲಿದ್ದಾರೆ ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಇಡೀ ವಾರ್ಡು ನೋಡುವ ಸಿಸ್ಟರಿಗೇ ಈ ಕಾವಲನ್ನೂ ಹೊರಿಸಿದರೆ ಅದು ಕಾಗದದಲ್ಲಷ್ಟೇ ನಡೆಯುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆ ನಡೆಯುವ ಪ್ರತಿ ಪಾಳಿಯಲ್ಲಿ ಒಬ್ಬ ಶುಶ್ರೂಷಾಧಿಕಾರಿಯನ್ನು ಚೇತರಿಕೆ ಕೋಣೆಗೆಂದೇ ಬಿಡಬೇಕು. ರಾತ್ರಿಯ ತುರ್ತಿಗೆ ಕರೆದರೆ ಬರುವವರಿಗೆ ಭತ್ಯೆ ಕೊಡಬೇಕು. ಖರ್ಚು ನಿಜ. ಆದರೆ ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ 50 ಕಿ.ಮೀ.ಗೂ ಮಿಕ್ಕಿದ ದಾರಿ. ಅಲ್ಲಿ ಅರ್ಧ ಗಂಟೆ ತಡವಾಗಿ ಗಮನಕ್ಕೆ ಬಂದ ರಕ್ತಸ್ರಾವಕ್ಕೆ ಆಂಬುಲೆನ್ಸಿನ ಹೊತ್ತೂ ಸೇರುತ್ತದೆ. ಕುರುಗೋಡಿನಂಥ ಸಣ್ಣ ಊರಿನಲ್ಲಿ ಶಸ್ತ್ರಚಿಕಿತ್ಸೆಗಳೇ ಕಡಿಮೆ, ಇದೆಲ್ಲ ಏಕೆ ಎನ್ನಬಹುದು. ಕಡಿಮೆ ಇರುವಲ್ಲಿಯೇ ಕೈ ಜಡ್ಡುಗಟ್ಟುವುದು. ಅಲ್ಲಿನ ಸಿಸ್ಟರುಗಳನ್ನು ಬಳ್ಳಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸರದಿಯ ಮೇಲೆ ತರಬೇತಿಗೆ ಕಳಿಸಿ.

ಆಲ್ಡ್ರೆಟ್ ಅಂಕ 9 ಆಗದೆ, ಕೇಸ್‌ಶೀಟಿನಲ್ಲಿ ಅದನ್ನು ಬರೆದವರ ಸಹಿ ಬೀಳದೆ ಯಾವ ರೋಗಿಯ ಸ್ಟ್ರೆಚರೂ ವಾರ್ಡಿನತ್ತ ಹೊರಡಕೂಡದು ಎಂಬ ಒಂದು ಆದೇಶ ಹೊರಡಿಸಿ. ಜೊತೆಗೆ ಆ ಸಹಿ ಹಾಕುವವರ ಹುದ್ದೆಯನ್ನೂ ಮಂಜೂರು ಮಾಡಿ.