ಹಡಗಿನ ಚಿತ್ರಗಳೂ ಕತ್ತರಿಯೂ

ಅಂಚೆಚೀಟಿ, ನಾಣ್ಯ ಮೊದಲಾದುವನ್ನು ಕೂಡಿಡುವ ಹವ್ಯಾಸ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜಗತ್ತಿನ ಮಹಾಪ್ರದರ್ಶನಗಳೊಡನೆ ನಂಟುಳ್ಳ ಹಡಗುಗಳ ಹಳೆಯ ಅಚ್ಚುಚಿತ್ರಗಳನ್ನು ಅರಸುವವರು ಮಾತ್ರ ವಿರಳ. ಕಡಲ ನಗರದಲ್ಲಿ ಬೆಳೆಯುತ್ತಿರುವ ನಮಗೆ ಈ ಹವ್ಯಾಸ ತಕ್ಕುದೇ. ಆದರೆ ಅದು ಕತ್ತರಿಯ ಸಹವಾಸವಿಲ್ಲದೆ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

‘ಗ್ರೇಟ್ ಈಸ್ಟರ್ನ್’ ಎಂಬ ಹಬೆಹಡಗನ್ನೇ ನೋಡೋಣ. 1858ರಲ್ಲಿ ನೀರಿಗಿಳಿದ ಇದರ ಉದ್ದ 692 ಅಡಿ. 1867ರ ಪ್ಯಾರಿಸ್ ಪ್ರದರ್ಶನಕ್ಕೆ ಅಮೆರಿಕದ ಪ್ರೇಕ್ಷಕರನ್ನು ಕರೆತರಲೆಂದು ಫ್ರೆಂಚರು ಇದನ್ನು ಬಾಡಿಗೆಗೆ ಪಡೆದರು. ನಾಲ್ಕು ಸಾವಿರ ಜನರನ್ನು ಹೊರಬಲ್ಲ ಹಡಗಿಗೆ ಹತ್ತಿದವರು ಬಹು ಕಡಮೆ. ಅದೇ ಹಡಗು 1870ರಲ್ಲಿ ನಮ್ಮ ಮುಂಬಯಿಗೆ ಬಂದು, ಇಲ್ಲಿಂದ ಏಡನ್ನಿನ ಕಡೆಗೆ ಕಡಲಡಿಯ ತಂತಿಯನ್ನು ಹಾಸಿತು! ಮೊದಲು ಅದಕ್ಕೆ ಐದು ಹೊಗೆಕೊಳವೆಗಳಿದ್ದುವು. ತಂತಿಯ ತೊಟ್ಟಿಗೆ ಸ್ಥಳ ಮಾಡಲು 1865ರಲ್ಲಿ ಒಂದನ್ನು ಕಿತ್ತರು. ಕೊಳವೆಗಳನ್ನು ಎಣಿಸಿ ಚಿತ್ರದ ಕಾಲವನ್ನು ಊಹಿಸುವ ಸಂತೋಷ ಸಾಮಾನ್ಯವಾದುದಲ್ಲ.

ಎಲ್ಲ ಹಡಗುಗಳೂ ಇಷ್ಟು ಉಪಕಾರಿಗಳಲ್ಲ. 1893ರ ಷಿಕಾಗೋ ಪ್ರದರ್ಶನಕ್ಕೆ ಕೊಲಂಬಸನ ಮೂರು ಹಡಗುಗಳ ಪ್ರತಿರೂಪಗಳನ್ನು ಕಟ್ಟಿ ಕಳುಹಿಸಲಾಗಿತ್ತು. ಚಿತ್ರದ ಅಡಿಬರಹವನ್ನು ಕತ್ತರಿಸಿದರೆ ನಾಲ್ಕು ಶತಮಾನಗಳೇ ಅಳಿಸಿಹೋಗುತ್ತವೆ. 1893ರ ಹಡಗು 1492ರದಾಗಿಬಿಡುತ್ತದೆ. ಹಳೆಯ ಪತ್ರಿಕೆಗಳ ಸಂಪುಟಗಳನ್ನು ಬಿಚ್ಚಿ, ಹಾಳೆಹಾಳೆಯಾಗಿ ಮಾರುವ ವ್ಯಾಪಾರಿಗಳು ಚೌಕಟ್ಟಿನ ಅಂದಕ್ಕಾಗಿ ತೇದಿಯಿದ್ದ ಅಂಚನ್ನೇ ಕತ್ತರಿಸುವುದುಂಟು. ಕೊಳ್ಳುವವರಿಲ್ಲದಿದ್ದರೆ ಅವರು ಕತ್ತರಿಸುತ್ತಿದ್ದರೆ? ಶಾಲೆಯ ಪುಸ್ತಕದಿಂದ ಚಿತ್ರ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ನಮ್ಮ ಗೆಳೆಯರೂ ಈ ಪಂಗಡದವರೇ. ಬೆನ್ನಿನ ಪುಟದ ಪಾಠವೂ ಅದರೊಡನೆ ಹೋಯಿತೆಂಬುದು ಮುಂದಿನ ವರ್ಷದ ಓದುಗನಿಗೆ ಮಾತ್ರ ತಿಳಿಯುತ್ತದೆ.

ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇರುವ ರಸ್ತೆಗೆ ಭಾವು ದಾಜಿಯವರ ಹೆಸರಿದೆ. ಬೈಕುಲಾದ ವಸ್ತುಸಂಗ್ರಹಾಲಯಕ್ಕೂ 1975ರಿಂದ ಅವರದೇ ಹೆಸರು. 1851ರ ಲಂಡನ್ ಪ್ರದರ್ಶನಕ್ಕಾಗಿ ಮುಂಬಯಿಯಲ್ಲಿ ವಸ್ತುಗಳನ್ನು ಕೂಡಿಸಿದ ಯತ್ನವೇ ಅದರ ಮೂಲ. ಈಗಿನ ಕಟ್ಟಡ 1872ರಲ್ಲಿ ತೆರೆಯಿತು. ಅಲ್ಲಿ ಪ್ರತಿ ವಸ್ತುವಿಗೂ ಹೆಸರು, ಊರು, ಕಾಲಗಳ ಚೀಟಿಯುಂಟು. ನಮ್ಮ ಆಲ್ಬಮ್ಮಿಗೂ ಅಷ್ಟೇ ಬೇಕು. ಮೂಲಚಿತ್ರ ದೊರೆಯದಿದ್ದರೆ ಛಾಯಾಪ್ರತಿ ಸಾಕು. ಯಾವ ಪುಸ್ತಕ, ಯಾವ ಪುಟ, ಯಾವ ವರ್ಷ ಎಂಬುದನ್ನು ಕೆಳಗೆ ಬರೆದಿಡೋಣ. ಈಗಾಗಲೇ ಕತ್ತರಿಸಿದ ಹಾಳೆಗಳು ಯಾರ ಬಳಿಯಾದರೂ ಇದ್ದರೆ ಗ್ರಂಥಪಾಲಕರಿಗೆ ಒಪ್ಪಿಸಲಿ. ತೆಳುಕಾಗದವಿಟ್ಟು ಪುಟವನ್ನು ಮರಳಿ ಅಂಟಿಸಬಹುದು.